ಬೆಂಗಳೂರಿನಲ್ಲಿ ಮುಗಿಯದ ಇಂಟರ್ವ್ಯೂ: ಪದೇ ಪದೇ ಕೇಳುವ ಪ್ರಶ್ನೆಗಳು

ಆರು ರೌಂಡು, ಎರಡು ತಿಂಗಳು, ಕೊನೆಗೆ ಎರಡು ಸಾಲಿನ ಮೇಲ್. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಹುಡುಕುವವರಿಗೆ ಇದು ಹೊಸದೇನಲ್ಲ. ನಾನು ಇಂಟರ್ವ್ಯೂ ಕೊಟ್ಟಿದ್ದೇನೆ, ಈಗ ತೆಗೆದುಕೊಳ್ಳುತ್ತೇನೆ ಕೂಡ. ಹಾಸನ, ತುಮಕೂರು, ಶಿವಮೊಗ್ಗ ಕಡೆಯಿಂದ ಬಂದ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ಅವನ್ನೇ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೋಡಿಂಗ್ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅದು ಇಲ್ಲಿಲ್ಲ.

ಒಂದು ಕೆಲಸಕ್ಕೆ ಇಷ್ಟೊಂದು ರೌಂಡು ಯಾಕೆ?

ಹೆದರಿಕೆ, ಅಷ್ಟೇ. ಸರಿಹೋಗದವರನ್ನು ತೆಗೆದುಕೊಂಡರೆ ಅವರನ್ನು ಕಳಿಸಬೇಕು, ಇನ್ನೊಬ್ಬರನ್ನು ಹುಡುಕಬೇಕು, ಆ ಇನ್ನೊಬ್ಬರಿಗೆ ಮತ್ತೆ 60 ಇಲ್ಲವೇ 90 ದಿನದ ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಡೆ ದುಡಿಯಬೇಕಾದ ದಿನಗಳು). ವರ್ಷದ ಅರ್ಧ ಅಲ್ಲೇ ಹೋಯಿತು. ನಾಳೆ ಯಾರಾದರೂ ಕೇಳಿದರೆ "ನಾನೊಬ್ಬನೇ ಹೂಂ ಅಂದಿದ್ದಲ್ಲ" ಎನ್ನಲು ಮ್ಯಾನೇಜರಿಗೆ ಐದಾರು ಜನರ ಒಪ್ಪಿಗೆ ಬೇಕು. ಇನ್ನೊಂದು ಕಾರಣ ಬೆಂಗಳೂರಿನದೇ. ಇಲ್ಲಿನ ಎಷ್ಟೋ ಆಫೀಸುಗಳು ಹೊರದೇಶದ ಕಂಪನಿಗಳ ಶಾಖೆಗಳು. ಇಲ್ಲಿಯವರು ಒಪ್ಪಿದರೆ ಸಾಲದು, ಲಂಡನ್ನಿನಲ್ಲೋ ಸಿಯಾಟಲ್‌ನಲ್ಲೋ ಕೂತವರೂ ಒಂದು ಸಲ ಮಾತಾಡಿಸಬೇಕು. ರಾತ್ರಿ ಒಂಬತ್ತೂವರೆಗೆ ರೌಂಡು ಇಡುವುದು ಅದಕ್ಕೇ.

ಜಾಸ್ತಿ ರೌಂಡು ಮಾಡಿದರೆ ಜಾಸ್ತಿ ಗೊತ್ತಾಗುತ್ತದೆಯೇ? ಗೂಗಲ್ ತನ್ನದೇ ಇಂಟರ್ವ್ಯೂಗಳ ಲೆಕ್ಕ ತೆಗೆದು ನೋಡಿತ್ತು. ನಾಲ್ಕು ಇಂಟರ್ವ್ಯೂ ಆದರೆ ಶೇಕಡ 86ರಷ್ಟು ಖಾತರಿಯಿಂದ ತೀರ್ಮಾನ ಮಾಡಬಹುದು, ಅದಾದ ಮೇಲೆ ಸಿಗುವುದು ಚೂರುಪಾರು ಎಂದು ತಿಳಿಯಿತು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯಲ್ಲಿ ಅಂಕ ಕೊಡುವ ಇಂಟರ್ವ್ಯೂ ಸುಮ್ನೆ ಹರಟುವ ಇಂಟರ್ವ್ಯೂಗಿಂತ ಎಷ್ಟೋ ಮೇಲು ಅನ್ನುವುದೂ ಹಳೆಯ ಸಂಗತಿ. ಆದರೂ ರೌಂಡುಗಳು ಬೆಳೆಯುತ್ತಲೇ ಇವೆ. ನನ್ನನ್ನು ಕೇಳಿದರೆ, ಐದು ದಾಟಿದ ಮೇಲೂ ತೀರ್ಮಾನ ಆಗದಿದ್ದರೆ ತಮಗೆ ಎಂಥವರು ಬೇಕು ಅಂತ ಆ ಟೀಮಿನವರಿಗೇ ಗೊತ್ತಿಲ್ಲ.

ಯಾವ ಯಾವ ರೌಂಡು ಇರುತ್ತವೆ?

ಮೊದಲು ರಿಕ್ರೂಟರ್ (ಕಂಪನಿಗೆ ಜನ ಹುಡುಕುವವರು) ಫೋನ್. ಆಮೇಲೆ ಆನ್‌ಲೈನ್ ಟೆಸ್ಟ್, ಹ್ಯಾಕರ್‌ರ‍್ಯಾಂಕ್ ಅಥವಾ ಹ್ಯಾಕರ್‌ಅರ್ಥ್ ಥರದ ಜಾಗದಲ್ಲಿ. ಅದಾದ ಮೇಲೆ ಒಂದೋ ಎರಡೋ ಡಿಎಸ್‌ಎ (ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್) ರೌಂಡು. ಅನುಭವ ಇರುವವರಿಗೆ ಸಿಸ್ಟಮ್ ಡಿಸೈನ್, ಅಂದರೆ ದೊಡ್ಡ ಸಾಫ್ಟ್‌ವೇರ್ ವ್ಯವಸ್ಥೆಯೊಂದನ್ನು ಹೇಗೆ ಕಟ್ಟುತ್ತೀರಿ ಅನ್ನುವ ಪ್ರಶ್ನೆ. ಕೊನೆಯಲ್ಲಿ ಹೈರಿಂಗ್ ಮ್ಯಾನೇಜರ್ (ನಿಮ್ಮನ್ನು ತೆಗೆದುಕೊಳ್ಳುವ ಟೀಮಿನ ಮುಖ್ಯಸ್ಥರು), ಆಮೇಲೆ ಎಚ್‌ಆರ್. ಅಮೆಜಾನ್‌ನಲ್ಲಿ ಬಾರ್ ರೈಸರ್ ಅಂತ ಒಬ್ಬರು ಇರುತ್ತಾರೆ. ಅವರು ನಿಮ್ಮನ್ನು ತೆಗೆದುಕೊಳ್ಳುವ ಟೀಮಿನವರಲ್ಲ. ಟೀಮಿಗೆ ಎಷ್ಟೇ ಅರ್ಜೆಂಟ್ ಇದ್ದರೂ ಅಳತೆ ಕೆಳಗಿಳಿಯಬಾರದು ಅಂತ ನೋಡಿಕೊಳ್ಳುವುದು ಅವರ ಕೆಲಸ.

ಬೆಂಗಳೂರಿನ ಪ್ರಾಡಕ್ಟ್ ಕಂಪನಿಗಳು, ಸ್ಟಾರ್ಟಪ್‌ಗಳಲ್ಲಿ ರೂಢಿಯಾಗಿರುವ ಇನ್ನೊಂದು ರೌಂಡು ಮೆಷಿನ್ ಕೋಡಿಂಗ್. ಹೊರಗಿನಿಂದ ಬಂದವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೂವರೆ ಗಂಟೆ ಕೊಡುತ್ತಾರೆ. ಪ್ರಶ್ನೆ ಒಂದು ಪುಟ ಇರುತ್ತದೆ. ಮಾಲ್ ಒಂದರ ಪಾರ್ಕಿಂಗ್ ವ್ಯವಸ್ಥೆ ಮಾಡಿ, ಇಲ್ಲವೇ ಗೆಳೆಯರು ಟ್ರಿಪ್ಪಿನ ಖರ್ಚು ಹಂಚಿಕೊಳ್ಳುವ ಲೆಕ್ಕ ಬರೆಯಿರಿ, ಇಂಥವು. ಸಮಯ ಮುಗಿಯುವಾಗ ಕೋಡ್ ಓಡಬೇಕು. ಇದೇ ಮೊದಲ ನಿಯಮ. ಅರ್ಧ ಬರೆದ ಚೆಂದದ ಕೋಡಿಗಿಂತ ಓಡುವ ಸಾದಾ ಕೋಡಿಗೆ ಬೆಲೆ ಜಾಸ್ತಿ.

ಮೊದಲ ಹತ್ತು ನಿಮಿಷ ಕೀಬೋರ್ಡ್ ಮುಟ್ಟಬೇಡಿ. ಪುಟದಲ್ಲಿ 'ಕಡ್ಡಾಯ' ಎಂದಿರುವುದಕ್ಕೂ 'ಸಮಯ ಉಳಿದರೆ' ಎಂದಿರುವುದಕ್ಕೂ ಬೇರೆ ಬೇರೆ ಗುರುತು ಹಾಕಿ. ಡೇಟಾಬೇಸ್ ಬೇಕಾ ಅಂತ ಕೇಳಿ, ಸಾಮಾನ್ಯವಾಗಿ ಬೇಡ ಅನ್ನುತ್ತಾರೆ, ಮೆಮೊರಿಯಲ್ಲೇ ಇಟ್ಟುಕೊಂಡರೆ ಸಾಕು. ವೆಬ್ ಪೇಜ್ ಕೂಡ ಬೇಡ, ಮೇನ್ ಫಂಕ್ಷನ್‌ನಲ್ಲಿ ನಾಲ್ಕು ಉದಾಹರಣೆ ಓಡಿಸಿ ತೋರಿಸಿದರೆ ಆಯಿತು. ಕೊನೆಯ ಹತ್ತು ನಿಮಿಷ ಹೊಸದೇನನ್ನೂ ಸೇರಿಸಬೇಡಿ. ಓಡುತ್ತಿದ್ದುದು ನಿಂತುಹೋಗುವುದು ಆಗಲೇ. ಮುಗಿದ ಮೇಲೆ ಪ್ಯಾನೆಲ್‌ನವರು ಒಂದು ಕೊಕ್ಕೆ ಹಾಕುತ್ತಾರೆ: "ನಾಳೆ ಎಲೆಕ್ಟ್ರಿಕ್ ಗಾಡಿಗೆ ಬೇರೆ ಜಾಗ, ಬೇರೆ ರೇಟು ಅಂದ್ರೆ ನಿಮ್ಮ ಕೋಡಲ್ಲಿ ಎಷ್ಟು ಕಡೆ ಕೈ ಹಾಕಬೇಕು?" ಒಂದು ಹೊಸ ಕ್ಲಾಸ್ ಸೇರಿಸಿದರೆ ಸಾಕು ಅನ್ನುವ ಉತ್ತರ ಅವರಿಗೆ ಬೇಕು. ಏಳು ಕಡೆ 'ಇಫ್' ತಿದ್ದಬೇಕು ಅಂದರೆ ಅಂಕ ಹೋಯಿತು.

ಒಟ್ಟು ಎಷ್ಟು ದಿನ ಹಿಡಿಯುತ್ತದೆ?

ಮೂರರಿಂದ ಆರು ವಾರ ಅಂದುಕೊಳ್ಳಿ. ಸಣ್ಣ ಸ್ಟಾರ್ಟಪ್ ಆದರೆ ಒಂದೇ ವಾರದಲ್ಲೂ ಮುಗಿಯುತ್ತದೆ. ದೊಡ್ಡ ಕಂಪನಿ, ಅದರಲ್ಲೂ ದೀಪಾವಳಿ ಅಥವಾ ಡಿಸೆಂಬರ್ ಕೊನೆ ನಡುವೆ ಬಂದರೆ, ಎರಡು ತಿಂಗಳು ಎಳೆದರೂ ಆಶ್ಚರ್ಯ ಇಲ್ಲ.

ರಿಕ್ರೂಟರ್ ಮೊದಲ ಸಲ ಫೋನ್ ಮಾಡಿದಾಗ ನಾನೇನು ಕೇಳಬೇಕು?

ಹೆಚ್ಚಿನವರು ಉತ್ತರ ಹೇಳುತ್ತಾರೆ, ಪ್ರಶ್ನೆ ಕೇಳುವುದೇ ಇಲ್ಲ. ಕೇಳಿ. ಫೋನ್ ಮಾಡಿದವರು ಕಂಪನಿಯವರೋ ಕನ್ಸಲ್ಟೆನ್ಸಿಯವರೋ? ಒಟ್ಟು ಎಷ್ಟು ರೌಂಡು, ಯಾವುದಾದರೂ ರೌಂಡಿಗೆ ಆಫೀಸಿಗೆ ಬರಬೇಕಾ? ಕೆಲಸದ ಜಾಗ ಎಲ್ಲಿ, ವಾರಕ್ಕೆ ಎಷ್ಟು ದಿನ ಆಫೀಸು? ಈ ಹುದ್ದೆಗೆ ಬಜೆಟ್ ಎಷ್ಟು? ಈ ಹುದ್ದೆಗೆ ಮೇಲಿನವರ ಒಪ್ಪಿಗೆ ಸಿಕ್ಕಿದೆಯಾ, ಇನ್ನೂ ಸಿಗಬೇಕಾ?

ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಒಪ್ಪಿಗೆ ಸಿಗುವ ಮೊದಲೇ ಇಂಟರ್ವ್ಯೂ ಶುರು ಮಾಡುವ ಟೀಮುಗಳಿವೆ. ಅಲ್ಲಿ ನೀವು ಎಲ್ಲ ರೌಂಡು ದಾಟಿದರೂ ಕೂತಲ್ಲೇ ಕೂತಿರಬೇಕು. ಊರಿನ ದಕ್ಷಿಣದ ಜಯನಗರದಲ್ಲಿ ಮನೆ ಇದ್ದು, ನಾಲ್ಕನೇ ರೌಂಡಿನಲ್ಲಿ "ಆಫೀಸು ಉತ್ತರದ ಮಾನ್ಯತಾ ಟೆಕ್ ಪಾರ್ಕು, ವಾರಕ್ಕೆ ಐದು ದಿನ" ಅಂತ ಗೊತ್ತಾದರೆ ಯಾರಿಗೆ ಲಾಭ?

ಈಗಿನ ಸಂಬಳ ಎಷ್ಟು ಅಂತ ಅವರೂ ಕೇಳುತ್ತಾರೆ. ಸುಳ್ಳು ಹೇಳಬೇಡಿ, ಮುಂದೆ ಪೇಸ್ಲಿಪ್ ಕೊಡಬೇಕಾಗುತ್ತದೆ. ನಿಮಗೆ ಬೇಕಾದ ಸಂಬಳದ ಬಗ್ಗೆ ಮಾತ್ರ, ಅವರ ಬಜೆಟ್ ಕೇಳಿದ ಮೇಲೆಯೇ ಬಾಯಿ ಬಿಡಿ.

ಈಗಿರುವ ಕೆಲಸ ಮಾಡಿಕೊಂಡೇ ಇಂಟರ್ವ್ಯೂ ಕೊಡುವುದು ಹೇಗೆ?

ಪ್ರತಿ ರೌಂಡಿಗೂ ರಜೆ ಹಾಕಿದರೆ ನಡೆಯುವುದಿಲ್ಲ. ಒಬ್ಬರಿಗೆ ಇರುವುದು ಇಬ್ಬರು ಅಜ್ಜಿಯರು, ಎಷ್ಟು ಸಲ ಅಂತ ಸಾಯಿಸುತ್ತೀರಿ? ಬೆಳಗ್ಗೆ ಎಂಟೂವರೆ ಅಥವಾ ಸಂಜೆ ಏಳರ ಮೇಲೆ ಸಮಯ ಕೊಡಿ ಅಂತ ಕೇಳಿ, ಪ್ಯಾನೆಲ್‌ನವರೂ ಕೆಲಸದಲ್ಲಿರುವವರೇ, ಸಾಮಾನ್ಯವಾಗಿ ಒಪ್ಪುತ್ತಾರೆ. ಉದ್ದದ ರೌಂಡುಗಳನ್ನು ಒಂದೇ ದಿನಕ್ಕೆ ಹಾಕಿಸಿಕೊಂಡು ಆ ದಿನಕ್ಕೆ ಮಾತ್ರ ರಜೆ ತೆಗೆದುಕೊಳ್ಳಿ. ಒಂದು ವಾರಕ್ಕೆ ಎರಡಕ್ಕಿಂತ ಜಾಸ್ತಿ ಇಂಟರ್ವ್ಯೂ ಒಪ್ಪಿಕೊಳ್ಳಬೇಡಿ. ಮೂರನೆಯದರಲ್ಲಿ ನಿಮ್ಮ ಬಾಯಿಂದ ಬರುವುದು ಎರಡನೆಯದರ ಉತ್ತರ.

ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಇಂಟರ್ವ್ಯೂ ಕೊಡಬೇಡಿ, ಆ ಮೇಲ್ ಕೂಡ ತೆರೆಯಬೇಡಿ. ಅದರಲ್ಲಿ ನಡೆಯುವುದನ್ನು ಐಟಿಯವರು ನೋಡಬಲ್ಲರು. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತು ಮಾತಾಡುವವರನ್ನೂ ನೋಡಿದ್ದೇನೆ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗಾಡಿ ರಸ್ತೆಗೆ ತನ್ನಿ.

ಆಫೀಸಿಗೇ ಬನ್ನಿ ಅಂದಿದ್ದಾರೆ. ಎಷ್ಟು ಬೇಗ ಹೊರಡಬೇಕು?

ಮ್ಯಾಪ್ ತೋರಿಸಿದ ಸಮಯಕ್ಕೆ ಮುಕ್ಕಾಲು ಗಂಟೆ ಸೇರಿಸಿ. ಅದರಲ್ಲಿ ಅರ್ಧ ಟ್ರಾಫಿಕ್ಕಿಗೆ, ಇನ್ನರ್ಧ ಗೇಟಿಗೆ. ವೈಟ್‌ಫೀಲ್ಡ್ ಕಡೆಯಾದರೆ ಕಾರು, ಆಟೊ ಎರಡೂ ಬೇಡ. 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೊ ಮೆಜೆಸ್ಟಿಕ್‌ನಿಂದ ನೇರ ಹೋಗುತ್ತದೆ, ಐಟಿಪಿಎಲ್ ಟೆಕ್ ಪಾರ್ಕಿಗೆ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬೇಕು. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಆರ್.ವಿ. ರೋಡಿನಿಂದ ಹಳದಿ ಮೆಟ್ರೊ ಇದೆ. ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಮೇಲಿನಿಂದ ನೋಡುತ್ತಾ ಹೋಗುವುದೇ ಒಂದು ಸುಖ. ಬೆಳ್ಳಂದೂರು, ಮಾರತ್ತಹಳ್ಳಿ ಕಡೆಗೆ ರಿಂಗ್ ರೋಡಿನ 500ಡಿ ಬಸ್ಸು ಇದ್ದೇ ಇದೆ. ಮಳೆ ಬಂದ ಸಂಜೆಯಾದರೆ ಆ ರಸ್ತೆಯ ಬಗ್ಗೆ ಯಾವ ಲೆಕ್ಕವೂ ನಡೆಯುವುದಿಲ್ಲ. ಇಂಟರ್ವ್ಯೂ ಬೆಳಗ್ಗೆಗೆ ಹಾಕಿಸಿಕೊಳ್ಳಿ.

ಗೇಟಿನ ಕಥೆ ಬೇರೆ. ಟೆಕ್ ಪಾರ್ಕಿನ ಮುಖ್ಯ ಗೇಟಲ್ಲಿ ಒಂದು ತಪಾಸಣೆ, ನಿಮ್ಮ ಟವರಿನ ಕೆಳಗೆ ಇನ್ನೊಂದು. ರಿಜಿಸ್ಟರಿನಲ್ಲಿ ಹೆಸರು, ಯಾರನ್ನು ನೋಡಬೇಕು, ಫೋನ್ ನಂಬರು, ಲ್ಯಾಪ್‌ಟಾಪ್ ಇದ್ದರೆ ಅದರ ಹಿಂಭಾಗದ ಸೀರಿಯಲ್ ನಂಬರು. ಅಷ್ಟು ಸಣ್ಣ ಅಕ್ಷರ ಓದಲಾಗದೆ ಸೆಕ್ಯುರಿಟಿಯವರು ಫೋನ್ ಟಾರ್ಚ್ ಹಾಕುತ್ತಾರೆ. ಕೆಲವು ಕಡೆ ಫೋನಿನ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸುತ್ತಾರೆ. ಒಳಗಿನಿಂದ ಯಾರಾದರೂ ಬಂದು ಕರೆದುಕೊಂಡು ಹೋಗುವವರೆಗೆ ಲಿಫ್ಟಿನ ಹತ್ತಿರವೂ ಬಿಡುವುದಿಲ್ಲ. ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಿ, ರಿಕ್ರೂಟರ್ ನಂಬರನ್ನು ಕೈಗೆ ಸಿಗುವಲ್ಲಿಡಿ. ಒಂದೇ ದಿನ ನಾಲ್ಕು ರೌಂಡು ಇದ್ದರೆ ಊಟದ ವ್ಯವಸ್ಥೆ ಏನು ಅಂತ ಮೊದಲೇ ಕೇಳಿ. ಹೊಟ್ಟೆ ಹಸಿದುಕೊಂಡು ಸಿಸ್ಟಮ್ ಡಿಸೈನ್ ಬರೆಯಲು ಆಗುವುದಿಲ್ಲ.

ಪಿಜಿಯಲ್ಲಿದ್ದೇನೆ, ಮೂರು ಜನರ ರೂಮು. ಆನ್‌ಲೈನ್ ರೌಂಡು ಹೇಗೆ?

ರೂಮ್‌ಮೇಟ್‌ಗಳಿಗೆ ಹಿಂದಿನ ರಾತ್ರಿಯೇ ಹೇಳಿ, ವೈಫೈ ಜೊತೆ ಫೋನಿನ ಹಾಟ್‌ಸ್ಪಾಟ್ ಸಿದ್ಧ ಇಡಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ. ಕರೆಂಟ್ ಹೋದರೆ ಹೋಯಿತು ಅಂತ ನೇರ ಹೇಳಿ. ಪ್ಯಾನೆಲ್‌ನವರ ಮನೆಯಲ್ಲೂ ಕರೆಂಟ್ ಹೋಗುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ.

ನಾನು ಕನ್ನಡ ಮೀಡಿಯಂ. ವಿಷಯ ಗೊತ್ತು, ಇಂಗ್ಲಿಷ್ ತಡವರಿಸುತ್ತದೆ. ಏನು ಮಾಡಲಿ?

ಇದನ್ನು ಕೇಳುವವರೇ ಜಾಸ್ತಿ. ಫೀಡ್‌ಬ್ಯಾಕ್ ಬರೆಯುವಾಗ ನಾವು ನೋಡುವುದು ಈ ಮನುಷ್ಯ ಯೋಚನೆ ಮಾಡುವುದನ್ನು ಜೋರಾಗಿ ಹೇಳುತ್ತಾನಾ ಅಂತ. ಉಚ್ಚಾರಕ್ಕೆ ಅಂಕ ಇಲ್ಲ. ಮೌನಕ್ಕೆ ಮಾತ್ರ ಖಂಡಿತ ಅಂಕ ಹೋಗುತ್ತದೆ. ಇಂಗ್ಲಿಷ್ ಹೆದರಿಕೆಯಿಂದ ಸುಮ್ಮನೆ ಕೂತು ಕೋಡ್ ಬರೆದವರು, ಸರಿಯಾಗಿ ಬರೆದರೂ, ಸೋಲುವುದು ಇದರಿಂದಲೇ. ಎದುರಿಗಿದ್ದವರಿಗೆ ನಿಮ್ಮ ತಲೆಯೊಳಗೆ ಏನು ನಡೆದಿದೆ ಅಂತ ತಿಳಿಯಲೇ ಇಲ್ಲ.

ಹಾಗಾಗಿ ಸಣ್ಣ ಸಣ್ಣ ವಾಕ್ಯ ಸಾಕು. ಮೊದಲು ಇದು ಮಾಡುತ್ತೇನೆ, ಆಮೇಲೆ ಅದು, ಇಲ್ಲಿ ನಿಧಾನ ಆಗುತ್ತದೆ, ಅದಕ್ಕೆ ಹೀಗೆ ಬದಲಾಯಿಸುತ್ತೇನೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ದೊಡ್ಡ ಪದ ಬೇಕಿಲ್ಲ. ನಿಮ್ಮದೇ ಒಂದು ಪ್ರಾಜೆಕ್ಟನ್ನು ಐದು ನಿಮಿಷದಲ್ಲಿ ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಹೇಳಿ. ಎಲ್ಲ ರೌಂಡಿನಲ್ಲೂ ಅದನ್ನೇ ಕೇಳುತ್ತಾರೆ. ನೀವೇನು ಮಾಡಿದಿರಿ, ಟೀಮು ಏನು ಮಾಡಿತು ಅನ್ನುವುದು ಬೇರೆ ಬೇರೆಯಾಗಿ ಕೇಳಿಸಬೇಕು. ನಮ್ಮ ಕಡೆಯವರು ವಿನಯಕ್ಕೆ "ನಾವು ಮಾಡಿದೆವು" ಅನ್ನುತ್ತಾರೆ. ಇಂಟರ್ವ್ಯೂನಲ್ಲಿ ಅದು ನಿಮ್ಮ ಕೆಲಸವನ್ನು ಬೇರೆಯವರಿಗೆ ದಾನ ಕೊಟ್ಟಂತೆ. ಪ್ರಶ್ನೆ ಅರ್ಥ ಆಗದಿದ್ದರೆ ಮತ್ತೆ ಹೇಳಿ ಎನ್ನಿ, ಹತ್ತು ನಿಮಿಷ ತಪ್ಪು ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಅದು ವಾಸಿ.

ಎದುರಿಗೆ ಕೂತವರು ಕನ್ನಡದವರು ಅಂತ ಗೊತ್ತಾದರೆ? ಅವರಾಗಿಯೇ ಕನ್ನಡಕ್ಕೆ ತಿರುಗುವವರೆಗೆ ನೀವು ತಿರುಗಬೇಡಿ. ತಿರುಗಿದರೆ ಆರಾಮಾಗಿ ಮಾತಾಡಿ.

ಮನೆಗೆ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಮೂರು ದಿನದ ಕೆಲಸ ಇದೆ. ಮಾಡಲಾ?

ಅದು ಎಷ್ಟನೇ ಹೆಜ್ಜೆ ಅಂತ ನೋಡಿ. ಒಬ್ಬ ಮನುಷ್ಯನೂ ನಿಮ್ಮ ಜೊತೆ ಮಾತಾಡುವ ಮೊದಲೇ ವಾರಾಂತ್ಯ ಪೂರ್ತಿ ಕೇಳುವ ಕಂಪನಿಗೆ ಬೇಡ ಅನ್ನಬಹುದು. ಎರಡು ರೌಂಡು ಆದ ಮೇಲೆ ಕೊಟ್ಟಿದ್ದರೆ, "ನಾಲ್ಕು ಗಂಟೆ ಕೊಡಬಲ್ಲೆ, ಅಷ್ಟರಲ್ಲಿ ಏನು ಮುಖ್ಯ?" ಅಂತ ಬರೆದು ಕೇಳಿ. ಮಾಡಿದ್ದನ್ನು ಕೊಡುವಾಗ ಏನು ಬಿಟ್ಟಿದ್ದೀರಿ, ಯಾಕೆ ಬಿಟ್ಟಿದ್ದೀರಿ ಅಂತ ಅರ್ಧ ಪುಟ ಬರೆಯಿರಿ. ನಾನು ನೋಡುವಾಗ ಮೊದಲು ಓದುವುದು ಆ ಅರ್ಧ ಪುಟವನ್ನೇ. ಅವರ ನಿಜವಾದ ವ್ಯಾಪಾರದ ಸಮಸ್ಯೆಯನ್ನೇ ಬಿಡಿಸಿಕೊಡಿ ಅಂದಂತೆ ಕಂಡರೆ ಅದು ಬಿಟ್ಟಿ ಚಾಕರಿ, ಕೈಬಿಡಿ.

ಎಐ ಬಳಸಿದರೆ ಸಿಕ್ಕಿಬೀಳುತ್ತೇನಾ?

ಬಳಸಬಹುದು ಅಂತ ಹೇಳಿದ್ದರೆ ಧಾರಾಳವಾಗಿ ಬಳಸಿ. ಹೇಳದಿದ್ದರೆ ಕೇಳಿ. ಕದ್ದು ಬಳಸಿದರೆ ಗೊತ್ತಾಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಒಂದೇ ಸಮನಾದ ನಿಲುಗಡೆ, ಕಣ್ಣು ಎಡದಿಂದ ಬಲಕ್ಕೆ ಓಡುವುದು, ಆಮೇಲೆ ಪುಸ್ತಕದಂಥ ಉತ್ತರ. "ಈ ಸಾಲು ಯಾಕೆ ಹೀಗೆ ಬರೆದಿರಿ?" ಅಂದರೆ ನಿಶ್ಶಬ್ದ. ಈ ಕಾಟಕ್ಕೇ ಕಂಪನಿಗಳು ಮತ್ತೆ ಮುಖಾಮುಖಿ ಇಂಟರ್ವ್ಯೂಗೆ ತಿರುಗುತ್ತಿವೆ. ಕನಿಷ್ಠ ಒಂದು ರೌಂಡಾದರೂ ಎದುರೆದುರು ಇರಲಿ ಅನ್ನುವ ಮಾತನ್ನು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2025ರಲ್ಲಿ ಹೇಳಿದ್ದರು. ಹಾಗಾಗಿ ಕದ್ದು ದಾಟಿದವರು ಕೊನೆಗೆ ಬಿಳಿ ಬೋರ್ಡಿನ ಮುಂದೆ ನಿಲ್ಲಲೇಬೇಕು.

ಕೊನೆಯ ರೌಂಡಾಗಿ ಎರಡು ವಾರ ಆಯಿತು. ಉತ್ತರವೇ ಇಲ್ಲ. ಏನರ್ಥ?

ಜನ ಸೋಲುವುದು ರೌಂಡುಗಳಲ್ಲಿ ಅಂದುಕೊಂಡಿದ್ದೇವೆ. ನಾನು ಕಂಡಂತೆ ಮನುಷ್ಯರನ್ನು ಹಿಂಡುವುದು ರೌಂಡುಗಳ ನಡುವಿನ ಈ ಖಾಲಿ ದಿನಗಳು. ಉಪ್ಪಿಟ್ಟು, ಕೇಸರಿಬಾತು ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋದ ಗಂಡಿನ ಕಡೆಯವರ ಹಾಗೆ, ಫೋನೇ ಇಲ್ಲ. ಇಲ್ಲಿ ಕೂತವರು ತಾವು ಹೇಳಿದ ಒಂದೊಂದು ವಾಕ್ಯವನ್ನೂ ಮತ್ತೆ ಮತ್ತೆ ಕೆದಕುತ್ತಿರುತ್ತಾರೆ.

ಆ ಕಡೆ ಏನಾಗಿರುತ್ತದೆ ಹೇಳುತ್ತೇನೆ. ಇಂಟರ್ವ್ಯೂ ಮಾಡಿದ ಇಂಜಿನಿಯರ್ ಇನ್ನೂ ಫೀಡ್‌ಬ್ಯಾಕ್ ಫಾರ್ಮ್ ತುಂಬಿಲ್ಲ. ಆ ವಾರ ಅವರ ರಿಲೀಸ್ ಇದೆ, ರಿಕ್ರೂಟರ್ ಮೂರು ಸಲ ನೆನಪಿಸಿದ್ದಾರೆ. ಅಥವಾ ಹೈರಿಂಗ್ ಮ್ಯಾನೇಜರ್ ರಜೆಯಲ್ಲಿದ್ದಾರೆ. ಅಥವಾ ಇನ್ನೊಬ್ಬರಿಗೆ ಆಫರ್ ಹೋಗಿದೆ, ಅವರು ಬೇಡ ಅಂದರೆ ನೀವು. ಈ ಮೂರನೆಯದು ನೀವು ಅಂದುಕೊಂಡಿದ್ದಕ್ಕಿಂತ ಸಾಮಾನ್ಯ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಥವಾ ಹುದ್ದೆಯೇ ನಿಂತುಹೋಗಿದೆ, ಮೇಲಿನಿಂದ ಹೇಳಿಕೆ ಬರುವವರೆಗೆ ರಿಕ್ರೂಟರಿಗೂ ಹೇಳಲು ಅನುಮತಿ ಇಲ್ಲ. ಇದರಲ್ಲಿ ಯಾವುದಕ್ಕೂ ನಿಮ್ಮ ಮೂರನೇ ರೌಂಡಿನ ಆ ಒಂದು ತಪ್ಪು ಉತ್ತರಕ್ಕೂ ಸಂಬಂಧ ಇಲ್ಲ.

ಮಾಡಬೇಕಾದ್ದು ಇಷ್ಟು. ರೌಂಡು ಮುಗಿದ ದಿನವೇ "ಉತ್ತರ ಯಾವಾಗ ನಿರೀಕ್ಷಿಸಲಿ?" ಎಂದು ಕೇಳಿ. ಅವರು ಹೇಳಿದ ದಿನದ ಮೇಲೆ ಎರಡು ಕೆಲಸದ ದಿನ ಬಿಟ್ಟು ಒಂದು ಮೇಲ್ ಹಾಕಿ: ಇಂಥ ದಿನ ಇಂಥ ರೌಂಡು ಆಯಿತು, ಆಸಕ್ತಿ ಇದೆ, ಮುಂದಿನ ಹೆಜ್ಜೆ ಏನು. ಮೂರು ಸಾಲು ಸಾಕು. ಒಂದು ವಾರ ಬಿಟ್ಟು ಇನ್ನೊಂದು. ಅದಕ್ಕೂ ಉತ್ತರ ಇಲ್ಲದಿದ್ದರೆ ಆ ಕಂಪನಿಯ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ. ಆಮೇಲೆ ಅವರಾಗಿಯೇ ಬಂದರೆ ಬರಲಿ. ಬೇರೆ ಕಡೆ ಆಫರ್ ಬಂದಿದ್ದರೆ ಅದನ್ನು ತಪ್ಪದೆ ತಿಳಿಸಿ. ನಿದ್ದೆ ಹೋದ ಫೈಲು ಎಚ್ಚರಾಗುವುದು ಅದರಿಂದಲೇ.

ಕಾಯುವಾಗ ಬೇರೆ ಇಂಟರ್ವ್ಯೂ ನಿಲ್ಲಿಸಬೇಡಿ. ಎಷ್ಟೇ ಚೆನ್ನಾಗಿ ಆಗಿರಲಿ, ಆಫರ್ ಲೆಟರ್ ಕೈಗೆ ಬರುವವರೆಗೆ ಇನ್ನೆರಡು ಕಡೆ ನಡೆಯುತ್ತಿರಲಿ. ಆಗ ಮೇಲ್ ನೋಡುವ ಚಾಳಿ ತಾನಾಗಿ ಕಮ್ಮಿ ಆಗುತ್ತದೆ.

ಒಂದು ರೌಂಡು ಹಾಳಾಯಿತು. ಇನ್ನುಳಿದವಕ್ಕೆ ಹೋಗುವುದು ದಂಡವಾ?

ಅಲ್ಲ. ತೀರ್ಮಾನ ಎಲ್ಲರ ಫೀಡ್‌ಬ್ಯಾಕ್ ಒಟ್ಟಿಗೆ ಇಟ್ಟು ಆಗುತ್ತದೆ. ಒಂದು ಕಡೆ ಸೋತು ಮೂರು ಕಡೆ ಗಟ್ಟಿಯಾಗಿದ್ದವರನ್ನು ನಾವು ತೆಗೆದುಕೊಂಡಿದ್ದೇವೆ. ಮುಂದಿನ ರೌಂಡು ಇಟ್ಟಿದ್ದಾರೆ ಅಂದರೆ ಅವರಿಗೆ ಇನ್ನೂ ಆಸಕ್ತಿ ಇದೆ ಅಂತಲೇ, ಅಲ್ವಾ?

ನಡುವಿನಲ್ಲಿ ನಾನೇ ಸಾಕು ಅನ್ನಬಹುದಾ?

ಖಂಡಿತ. ಒಂದೇ ಥರದ ರೌಂಡನ್ನು ಎರಡನೇ ಸಲ ಇಟ್ಟರೆ, ಹೇಳದೆ ಕೇಳದೆ ರೌಂಡು ಸೇರಿಸಿದರೆ, ಹೇಳಿದ ಹುದ್ದೆ ನಡುವಿನಲ್ಲಿ ಕೆಳಗಿಳಿದರೆ, ಪ್ಯಾನೆಲ್‌ನವರು ಎರಡು ಸಲ ಬರದೇ ಹೋದರೆ ಹೊರಬನ್ನಿ. ಎರಡು ಸಾಲಿನ ಒಳ್ಳೆಯ ಮಾತಿನ ಮೇಲ್ ಹಾಕಿ, ಜಗಳ ಬೇಡ. ಬೆಂಗಳೂರು ದೊಡ್ಡದು, ಆದರೆ ಈ ಕಸುಬಿನಲ್ಲಿ ಸಣ್ಣ ಊರು. ಇವತ್ತಿನ ರಿಕ್ರೂಟರ್ ಮುಂದಿನ ವರ್ಷ ಬೇರೆ ಕಂಪನಿಯಿಂದ ಫೋನ್ ಮಾಡುತ್ತಾರೆ.

"ಮದುವೆ ಆಗಿದೆಯಾ? ಮಕ್ಕಳು ಯಾವಾಗ?" ಅಂತ ಕೇಳಿದರು. ಹೇಳಲೇಬೇಕಾ?

ಬೇಕಿಲ್ಲ. ಕೇಳುವವರ ತಲೆಯಲ್ಲಿ ಓಡುವುದು 2017ರ ತಿದ್ದುಪಡಿ ಕೊಟ್ಟ 26 ವಾರದ ಹೆರಿಗೆ ರಜೆಯ ಲೆಕ್ಕ. "ಈ ಕೆಲಸಕ್ಕೆ ಬೇಕಾದ ಸಮಯ ಕೊಡಲು ನನಗೆ ತೊಂದರೆ ಇಲ್ಲ" ಅಂತ ಹೇಳಿ ಮಾತು ತಿರುಗಿಸಿ. ಮತ್ತೆ ಅದನ್ನೇ ಕೆದಕಿದರೆ ಆ ಆಫೀಸು ಹೇಗಿರುತ್ತದೆ ಅಂತ ಒಳಗೆ ಹೋಗುವ ಮೊದಲೇ ಗೊತ್ತಾಯಿತು.

ಮನೆಯವರು ದಿನಾ ಕೇಳುತ್ತಾರೆ, "ಏನಾಯ್ತು?"

ನಾಲ್ಕು ರೌಂಡು ದಾಟಿದ್ದೇನೆ ಅಂದರೆ "ಅಂದ್ರೆ ಕೆಲಸ ಆಯ್ತಲ್ಲ" ಅನ್ನುತ್ತಾರೆ. ಅವರ ಕಾಲದಲ್ಲಿ ಒಂದು ಲಿಖಿತ ಪರೀಕ್ಷೆ, ಒಂದು ಇಂಟರ್ವ್ಯೂ, ಮುಗೀತು. ಅಮ್ಮನಿಗೆ ರೌಂಡುಗಳ ಲೆಕ್ಕ ಕೊಡಬೇಡಿ, "ಇನ್ನೂ ಒಂದು ತಿಂಗಳು ಹಿಡಿಯುತ್ತೆ, ಆದ ಕೂಡಲೇ ನಾನೇ ಹೇಳ್ತೀನಿ" ಅನ್ನಿ. ದೊಡ್ಡಪ್ಪನಿಗೆ ಅದನ್ನೂ ಹೇಳುವುದು ಬೇಡ. ಕೆಲಸ ಬಿಟ್ಟು ಹುಡುಕುತ್ತಿರುವವರಾದರೆ ಮನೆಯಲ್ಲಿ ಒಬ್ಬರಿಗಾದರೂ ನಿಜ ಗೊತ್ತಿರಲಿ, ಎಷ್ಟು ತಿಂಗಳ ದುಡ್ಡು ಕೈಯಲ್ಲಿದೆ ಅನ್ನುವುದೂ ಸೇರಿ. ನಿದ್ದೆ, ಊಟ ತಪ್ಪಿಹೋಗಿದ್ದರೆ, ಎರಡು ವಾರವಾದರೂ ಸರಿಹೋಗದಿದ್ದರೆ, ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

24 ಲಕ್ಷ ಅಂದರು. ಕೈಗೆ ಎಷ್ಟು ಬರುತ್ತದೆ?

24ನ್ನು 12ರಿಂದ ಭಾಗಿಸಿ ಬಾಡಿಗೆ ಮನೆ ನೋಡಲು ಹೋಗಬೇಡಿ. ಸಿಟಿಸಿಯಲ್ಲಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಇಲ್ಲಿ ಆ 24 ಲಕ್ಷ) ಮೂಲ ಸಂಬಳವಾದ ಬೇಸಿಕ್ ಅರ್ಧ, ಅಂದರೆ 12 ಲಕ್ಷ ಅಂತಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಬೇಸಿಕ್ಕಿನ ಶೇಕಡ 12, ಅದು 1.44 ಲಕ್ಷ. ಗ್ರಾಚ್ಯುಟಿ ಶೇಕಡ 4.81, ಸುಮಾರು 58 ಸಾವಿರ. ಕೆಲಸ ನೋಡಿ ಕೊಡುವ ವೇರಿಯಬಲ್ ಸಿಟಿಸಿಯ ಶೇಕಡ 10 ಆದರೆ 2.4 ಲಕ್ಷ, ಅದು ವರ್ಷದ ಕೊನೆಗೆ, ಬಂದರೆ ಬಂತು. ಇವನ್ನೆಲ್ಲ ಕಳೆದರೆ ತಿಂಗಳಿಗೆ 1.63 ಲಕ್ಷ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 12 ಸಾವಿರ, ಪ್ರೊಫೆಷನಲ್ ಟ್ಯಾಕ್ಸ್, ಆಮೇಲೆ ಆದಾಯ ತೆರಿಗೆ. ಕೆಲವು ಕಂಪನಿಗಳು ಪಿಎಫ್ಅನ್ನು ತಿಂಗಳಿಗೆ 1,800 ರೂಪಾಯಿಗೆ ನಿಲ್ಲಿಸುತ್ತವೆ, ಆಗ ಲೆಕ್ಕ ಬೇರೆ.

ಜಾಯ್ನಿಂಗ್ ಬೋನಸ್ ಸಿಟಿಸಿಯೊಳಗೇ ಸೇರಿಸಿದ್ದಾರಾ, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕಾ ಅಂತ ನೋಡಿ. ಷೇರು ಬಾಜಾರಿನಲ್ಲಿ ಇಲ್ಲದ ಕಂಪನಿಯ ಇಸಾಪ್, ಅಂದರೆ ನೌಕರರಿಗೆ ಕೊಡುವ ಷೇರನ್ನು, ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಂದರೆ ಅದೃಷ್ಟ. ಚೌಕಾಸಿ ಮಾಡಲು ನಾಚಿಕೆ ಬೇಡ, ಆದರೆ ಫಿಕ್ಸೆಡ್ ಎಷ್ಟು ಅನ್ನುವುದರ ಮೇಲೆ ಮಾಡಿ.

ಎಚ್‌ಆರ್ ಫೋನಿನಲ್ಲಿ "ಸೆಲೆಕ್ಟ್ ಆಗಿದ್ದೀರಿ" ಅಂದರು. ಪೇಪರ್ ಹಾಕಲಾ?

ಬೇಡ. ಸಂಬಳ, ಹುದ್ದೆ, ಸೇರುವ ದಿನ ಎಲ್ಲ ಬರೆದ ಆಫರ್ ಲೆಟರ್ ಬರಲಿ, ನೀವು ಒಪ್ಪಿ ಸಹಿ ಹಾಕಿ, ಆಮೇಲೆ ರಾಜೀನಾಮೆ. ಆಫರ್ ಕೊಟ್ಟು ವಾಪಸ್ ತೆಗೆದುಕೊಳ್ಳುವುದೂ ಇದೆ. ಹಾಗಾಗಿ ನೋಟಿಸ್ ಪೀರಿಯಡ್ ನಡುವೆ ಹೊಸ ಕಂಪನಿಯವರ ಜೊತೆ ಸಂಪರ್ಕ ಬಿಡಬೇಡಿ. ಬೇಗ ಬನ್ನಿ ಅಂತ ಒತ್ತಾಯ ಮಾಡಿದರೆ, ನೋಟಿಸ್ ದಿನಗಳ ಬದಲಿಗೆ ಹಳೆಯ ಕಂಪನಿಗೆ ಕಟ್ಟುವ ಬೈಔಟ್ ದುಡ್ಡು ಯಾರು ಕೊಡುತ್ತಾರೆ ಅಂತ ಬರಹದಲ್ಲಿ ಕೇಳಿ.

ಆಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಮೂರು ತಿಂಗಳ ಪೇಸ್ಲಿಪ್, ಫಾರ್ಮ್ 16, ಹಳೆಯ ಕಂಪನಿಗಳ ರಿಲೀವಿಂಗ್ ಲೆಟರ್ ಈಗಲೇ ಒಂದು ಫೋಲ್ಡರಿನಲ್ಲಿ ಸೇರಿಸಿಡಿ. ನಿಮ್ಮ ಪಿಎಫ್ ಖಾತೆಯ ಯುಎಎನ್ ಪೋರ್ಟಲ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ ಸರಿಯಾಗಿವೆಯಾ ನೋಡಿ. ಹಳೆಯ ಕಂಪನಿ ಬಿಟ್ಟ ದಿನ ಹಾಕಿಲ್ಲದಿದ್ದರೆ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದಂತೆ ಕಾಣುತ್ತದೆ.

ಲ್ಯಾಪ್‌ಟಾಪ್ ಡೆಪಾಸಿಟ್ ಕಟ್ಟಿ ಅಂದಿದ್ದಾರೆ. ಕಟ್ಟಲಾ?

ಒಂದು ರೂಪಾಯಿಯನ್ನೂ ಕಟ್ಟಬೇಡಿ. ನೆಟ್ಟಗಿನ ಯಾವ ಕಂಪನಿಯೂ ಕೆಲಸಕ್ಕೆ ಸೇರಿಸಿಕೊಳ್ಳಲು ದುಡ್ಡು ಕೇಳುವುದಿಲ್ಲ. ಟ್ರೈನಿಂಗ್ ಫೀ, ವೆರಿಫಿಕೇಶನ್ ಫೀ, ಏನೇ ಹೆಸರಿರಲಿ. ಕಟ್ಟಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಆ ದುಡ್ಡು ಕೈಗೆ ಸಿಗುವುದು ಕಷ್ಟ.

ರಿಜೆಕ್ಟ್ ಆಯಿತು. ಕಾರಣ ಹೇಳುತ್ತಾರಾ? ಮತ್ತೆ ಅಲ್ಲಿಗೇ ಹಾಕಬಹುದಾ?

ಮೇಲ್‌ನಲ್ಲಿ ಕಾರಣ ಬರೆಯುವವರು ಕಮ್ಮಿ, ಜಗಳಕ್ಕೆ ದಾರಿ ಆಗುತ್ತದೆ ಅನ್ನುವ ಹೆದರಿಕೆ. ಫೋನಿನಲ್ಲಿ ಕೇಳಿ ನೋಡಿ, "ಯಾವ ರೌಂಡಿನಲ್ಲಿ ಕಮ್ಮಿ ಆಯಿತು ಅಷ್ಟು ಹೇಳಿ ಸಾಕು" ಅಂದರೆ ಕೆಲವು ರಿಕ್ರೂಟರ್‌ಗಳು ಹೇಳುತ್ತಾರೆ. ಮತ್ತೆ ಅರ್ಜಿ ಹಾಕಲು ಹೆಚ್ಚಿನ ಕಡೆ ಆರು ತಿಂಗಳಿಂದ ಒಂದು ವರ್ಷ ಬಿಡಬೇಕು. ಎಷ್ಟು ಅಂತ ಅದೇ ಫೋನಿನಲ್ಲಿ ಕೇಳಿಕೊಂಡುಬಿಡಿ. ಹಳೆಯ ಫೀಡ್‌ಬ್ಯಾಕ್ ಅವರ ಹತ್ತಿರ ಇರುತ್ತದೆ, ಹಾಗಾಗಿ ಎರಡನೇ ಸಲ ಹೋಗುವಾಗ ಅವತ್ತು ಬಾರದ ಪ್ರಶ್ನೆಗೆ ಉತ್ತರ ಗೊತ್ತಿರಲಿ. ಅದನ್ನೇ ಮತ್ತೆ ಕೇಳುವವರಿದ್ದಾರೆ.